ಕುಳ್ಳಾದ ಹೃದಯಗಳು

ಹಾಜರಿ ಪುಸ್ತಕದಲ್ಲಿ ಅವಳಿಗೊಂದು ಹೆಸರಿತ್ತು, ಚೆಂದದ ಹೆಸರೇ. ಆದರೆ ಯಾರಾದರೂ ಆ ಹೆಸರು ಹಿಡಿದು ಕೂಗಿದರೆ, ಯಾರನ್ನಪ್ಪಾ ಕರೆಯುತ್ತಿದ್ದಾರೆ ಎಂದು ಅವಳೇ ಅತ್ತಿತ್ತ ನೋಡುತ್ತಿದ್ದಳು. ಗೇಟಿನ ಕಾವಲುಗಾರನಿಂದ ಹಿಡಿದು ದೊಡ್ಡ ಡಾಕ್ಟರವರೆಗೆ ಎಲ್ಲರಿಗೂ ಅವಳು ಫೋಟೋ ಅಕ್ಕ. ಅವಳು ತೆಗೆಯುತ್ತಿದ್ದದ್ದು ಹೃದಯದ ಫೋಟೋ. ಎಡಮಗ್ಗುಲಿಗೆ ಮಲಗಿದವರ ಎದೆಗೆ ತಣ್ಣನೆಯ ಜೆಲ್ ಬಳಿದು, ಸೋಪಿನ ತುಂಡಿನಷ್ಟಿರುವ ಪ್ರೋಬನ್ನು ಪಕ್ಕೆಲುಬುಗಳ ನಡುವೆ ಒತ್ತಿ ಹಿಡಿದರೆ ಪರದೆಯ ಮೇಲೆ ಅವರ ಹೃದಯ ಬಡಿದುಕೊಳ್ಳುವುದು ಕಾಣುತ್ತದೆ. ಹನ್ನೆರಡು ವರ್ಷ ದಿನವೂ ಅದನ್ನೇ ನೋಡಿದರೂ ಅವಳಿಗೆ ಬೇಸರ ಬಂದಿರಲಿಲ್ಲ. "ನೋಡ್ರಿ ನೋಡ್ರಿ, ಕವಾಟ ಹೇಗೆ ತಪತಪ ಅಂತಿದೆ!" ಎಂದು ರೋಗಿಗಳಿಗೇ ತೋರಿಸುವಳು. ತಮ್ಮ ಹೃದಯವನ್ನು ತಾವೇ ನೋಡಲು ಹೆದರಿ ಕಣ್ಣು ಮುಚ್ಚಿಕೊಂಡವರೂ ಅವಳ ಗಲಾಟೆಗೆ ಒಂದು ಕಣ್ಣು ತೆರೆಯುತ್ತಿದ್ದರು.

ಅವಳು ಈ ಕೆಲಸಕ್ಕೆ ಬಂದದ್ದು ಅಣ್ಣನ ಫೋಟೋ ಸ್ಟುಡಿಯೋದಿಂದ. ಹದಿನಾರನೇ ವಯಸ್ಸಿಗೇ ಅಲ್ಲಿ ಪಾಸ್‌ಪೋರ್ಟ್ ಫೋಟೋ ತೆಗೆಯುತ್ತಿದ್ದಳು. ಒಮ್ಮೆ ಮದುವೆಯ ಮಾತುಕತೆಗೆಂದು ಫೋಟೋ ಬೇಕೆಂದು ಬಂದ ಆರಡಿ ಎತ್ತರದ ಹುಡುಗನನ್ನು, ತಾನು ಸ್ಟೂಲಿನ ಮೇಲೆ ಹತ್ತಿ ನಿಂತು ತೆಗೆದಿದ್ದಳು. ಫೋಟೋ ಕನ್ನಡಿಯ ಹಾಗೆ ನಿಚ್ಚಳವಾಗಿ ಬಂತು. ಹೆಣ್ಣಿನ ಕಡೆಯವರು ಮಾತ್ರ "ಹುಡುಗ ಕುಳ್ಳ" ಎಂದು ಹೇಳಿ ಕಳಿಸಿದರು. ಹುಡುಗನ ತಾಯಿ ಅಂಗಡಿಗೆ ಬಂದು ಮಾಡಿದ ಜಗಳ ಬೀದಿಗೆಲ್ಲ ಕೇಳಿಸಿತ್ತು. ಮುಂದೆ ಎಲ್ಲರ ಕೈಗೂ ಕ್ಯಾಮರಾ ಇರುವ ಫೋನು ಬಂದು ಸ್ಟುಡಿಯೋದ ಬಾಗಿಲು ಮುಚ್ಚಿದಾಗ ಅವಳು ಸ್ಕ್ಯಾನಿನ ಕೋರ್ಸು ಸೇರಿದಳು. "ಹೊರಗಿನ ಮುಖ ಆಯ್ತು, ಇನ್ನು ಒಳಗಿನ ಮುಖ ತೆಗೀತೀನಿ" ಎಂದಳಂತೆ ಅಣ್ಣನಿಗೆ.

ಕೆಲಸದಲ್ಲಿ ಅವಳದು ಅತಿ ಎನ್ನುವಷ್ಟು ಶಿಸ್ತು. ಗೋಡೆಯ ಕ್ಯಾಲೆಂಡರ್ ಕೂದಲೆಳೆಯಷ್ಟು ಓರೆಯಾಗಿದ್ದರೂ ಸರಿಮಾಡದೆ ಕೂರುವವಳಲ್ಲ. ಇಂಥವರನ್ನು ಮನೆಯಲ್ಲಿ ಸಹಿಸಿಕೊಳ್ಳುವುದು ಕಷ್ಟ, ಗಂಡನನ್ನು ಕೇಳಿದರೆ ಗೊತ್ತಾಗುತ್ತದೆ. ಆದರೆ ಆಸ್ಪತ್ರೆಯಲ್ಲಿ ಸಂಶೋಧನೆ ಶುರುವಾದಾಗ ದೊಡ್ಡ ಡಾಕ್ಟರು ಮೊದಲು ಕೇಳಿದ್ದು ಅವಳನ್ನೇ.

ಸಂಶೋಧನೆಯ ವಿಷಯ ಇಷ್ಟು. ಅದು ಕ್ಯಾನ್ಸರ್ ಆಸ್ಪತ್ರೆ. ಅಲ್ಲಿ ಕೊಡುವ ಒಂದು ಔಷಧಿ ಗಂಟನ್ನು ಚೆನ್ನಾಗಿ ಕರಗಿಸುತ್ತದೆ, ಆದರೆ ಕೆಲವರಲ್ಲಿ ಸದ್ದಿಲ್ಲದೆ ಹೃದಯವನ್ನೂ ಸಡಿಲ ಮಾಡಿಬಿಡುತ್ತದೆ. ಕಾಲು ಊದಿ, ಏದುಸಿರು ಬಂದು ತಿಳಿಯುವ ಹೊತ್ತಿಗೆ ತಡವಾಗಿರುತ್ತದೆ. ಅದಕ್ಕೂ ಮೊದಲೇ ಸ್ಕ್ಯಾನಿನಲ್ಲಿ ಹಿಡಿಯಬಹುದೇ? ಹಿಡಿದು, ಔಷಧಿಯನ್ನು ಸ್ವಲ್ಪ ದಿನ ನಿಲ್ಲಿಸಿ, ಹೃದಯದ ಮಾತ್ರೆ ಕೊಟ್ಟು ಚೇತರಿಸಿಕೊಂಡ ಮೇಲೆ ಚಿಕಿತ್ಸೆ ಮುಂದುವರಿಸಬಹುದೇ? ಇದಕ್ಕಾಗಿ ವರ್ಷದುದ್ದಕ್ಕೂ ಗುಂಪು ಗುಂಪಾಗಿ ಸೇರಿಸಿಕೊಂಡ ಇನ್ನೂರು ಮಂದಿಯ ಹೃದಯವನ್ನು, ಔಷಧಿ ನಡೆಯುವಷ್ಟು ಕಾಲ, ಆರಾರು ವಾರಕ್ಕೊಮ್ಮೆ ಅಳೆಯುತ್ತಿದ್ದರು. ಹೃದಯ ಒಂದು ಸಲ ಹಿಂಡಿದಾಗ ಒಳಗಿದ್ದ ರಕ್ತದಲ್ಲಿ ನೂರಕ್ಕೆ ಎಷ್ಟು ಪಾಲು ಹೊರಗೆ ಹೋಯಿತು ಎನ್ನುವುದೇ ನಂಬರು. ಅರವತ್ತರ ಆಸುಪಾಸು ಇದ್ದರೆ ನೆಮ್ಮದಿ, ಐವತ್ತಕ್ಕಿಂತ ಕೆಳಗಿಳಿದರೆ ಅಪಾಯ.

ಇದರಲ್ಲೊಂದು ಕಟ್ಟುನಿಟ್ಟಿನ ನಿಯಮವಿತ್ತು. ಅಳೆಯುವವರು ಹಿಂದಿನ ನಂಬರನ್ನಾಗಲಿ ಹಿಂದಿನ ಚಿತ್ರವನ್ನಾಗಲಿ ನೋಡಬಾರದು. ನೋಡಿದರೆ ಕಣ್ಣು ತನಗೆ ಗೊತ್ತಿಲ್ಲದೆಯೇ ಅತ್ತ ವಾಲುತ್ತದೆ. ಫೋಟೋ ಅಕ್ಕ ಈ ನಿಯಮವನ್ನು ವ್ರತದ ಹಾಗೆ ಪಾಲಿಸಿದಳು. ಹಳೆಯದೆಲ್ಲ ಪಕ್ಕದ ಕೋಣೆಯ ಅಂಕಿ ಮೇಷ್ಟ್ರ ಕಂಪ್ಯೂಟರಿನಲ್ಲಿ ಭದ್ರವಾಗಿತ್ತು. ಸಂಶೋಧನೆಯ ಅಂಕಿಗಳನ್ನು ನೋಡಿಕೊಳ್ಳುತ್ತಿದ್ದ ಈ ಮೇಷ್ಟ್ರು ಹಿಂದೆ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದವರು, ಈಗಲೂ ಎದುರಿಗೆ ಸಿಕ್ಕವರಿಗೆಲ್ಲ ಪಾಠ ಹೇಳುತ್ತಿದ್ದರು.

ಇನ್ನೂರು ಮಂದಿಯಲ್ಲಿ ಒಬ್ಬಳು ಟೈಲರಮ್ಮ. ಐವತ್ತು ದಾಟಿದ, ಮಾತಿನ ಮಲ್ಲಿ. ಬಲಗಡೆಯ ಎದೆಯ ಗಂಟನ್ನು ಆಪರೇಷನ್ ಮಾಡಿ ತೆಗೆದಿದ್ದರು, ಈಗ ಔಷಧಿ ನಡೆಯುತ್ತಿತ್ತು. ಯಾರನ್ನೇ ನೋಡಲಿ, ಮೊದಲು ಅವಳ ಕಣ್ಣು ಹೋಗುವುದು ಹೊಲಿಗೆಗೆ. "ಡಾಕ್ಟ್ರೇ, ನಿಮ್ಮ ಕೋಟಿನ ತೋಳು ಯಾರು ಇಟ್ಟಿದ್ದು? ಕಟಕಟೆಗೆ ಎಳೀಬೇಕು ಅವನನ್ನ" ಎಂದು ದೊಡ್ಡ ಡಾಕ್ಟರಿಗೇ ಹೇಳಿದವಳು. ಅವಳಿಗೂ ಫೋಟೋ ಅಕ್ಕನಿಗೂ ಮೊದಲ ದಿನವೇ ದೋಸ್ತಿ ಬಿತ್ತು.

ಸ್ಕ್ಯಾನಿನ ಮಂಚದ ಹಾಸಿಗೆಯಲ್ಲಿ, ಎಡ ಎದೆ ಬರುವ ಜಾಗದಲ್ಲಿ, ಅರ್ಧಚಂದ್ರದಂತೆ ಒಂದು ಭಾಗ ಕತ್ತರಿಸಿರುತ್ತದೆ. ಮಲಗಿದವರಿಗೆಲ್ಲ ಅದರದೇ ದೂರು. ಅಂಚು ಪಕ್ಕೆಗೆ ಒತ್ತುತ್ತದೆ, ತಣ್ಣನೆಯ ಗಾಳಿ ನುಗ್ಗುತ್ತದೆ, ಬಿದ್ದೇಬಿಡುತ್ತೇನೆ ಅನ್ನಿಸುತ್ತದೆ ಎನ್ನುವರು. ಟೈಲರಮ್ಮ ದೂರು ಹೇಳುವ ಪೈಕಿಯಲ್ಲ. ಚೀಲದಿಂದ ಟೇಪು ತೆಗೆದು ಆ ಖಾಲಿಯನ್ನು ಅಳತೆ ಮಾಡಿಕೊಂಡು ಹೋದಳು. ಮುಂದಿನ ಸಲ ಔಷಧಿಗೆ ಬಂದಾಗ ನೀಲಿ ಬಟ್ಟೆಯ, ಅಂಚಿಗೆ ಪೈಪಿಂಗ್ ಕೊಟ್ಟ ಅರ್ಧಚಂದ್ರದ ಮೆತ್ತೆಯೊಂದನ್ನು ತಂದು ಅಲ್ಲಿಟ್ಟಳು. ಒಂದು ಎಳೆ ಆಚೆ ಇಲ್ಲ, ಈಚೆ ಇಲ್ಲ!

ಫೋಟೋ ಅಕ್ಕನಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಅಂದಿನಿಂದ ಎಲ್ಲರನ್ನೂ ಆ ಮೆತ್ತೆಯ ಮೇಲೆಯೇ ಮಲಗಿಸಿದಳು. ಜನ ಹಾಯಾಗಿ ಮಲಗಿದರು, ಒಬ್ಬಿಬ್ಬರು ಗೊರಕೆಯನ್ನೂ ಹೊಡೆದರು. ಪ್ರೋಬನ್ನು ಒಂದು ಪಕ್ಕೆಲುಬು ಮೇಲಿನಿಂದ ಹಿಡಿಯಬೇಕಾಗುತ್ತಿತ್ತು ನಿಜ, ಆದರೆ ಚಿತ್ರ ಮೊದಲಿಗಿಂತ ನಿಚ್ಚಳವಾಗಿ ಬರುತ್ತಿತ್ತು. ಕೆಲಸವೂ ಬೇಗ ಮುಗಿಯುತ್ತಿತ್ತು.

ಆರು ವಾರ ಕಳೆದವು. ಅಷ್ಟರಲ್ಲಿ, ಆಗ ಔಷಧಿ ನಡೆಯುತ್ತಿದ್ದವರ ಪೈಕಿ ನಲವತ್ತು ಮಂದಿಯನ್ನು ಅಳೆದಾಗಿತ್ತು, ಒಬ್ಬರ ನಂಬರೂ ಐವತ್ತಕ್ಕಿಂತ ಕೆಳಗಿಳಿದಿರಲಿಲ್ಲ. ದೊಡ್ಡ ಡಾಕ್ಟರಿಗೆ ಆಕಾಶ ಮೂರೇ ಗೇಣು. ಮುಂದಿನ ತಿಂಗಳ ಸಮ್ಮೇಳನದಲ್ಲಿ ಇದನ್ನೇ ಮೊದಲು ಹೇಳುತ್ತೇನೆ ಎಂದು ಓಡಾಡುತ್ತಿದ್ದರು. ಫೋಟೋ ಅಕ್ಕನೂ ಮನೆಯಲ್ಲಿ ಅತ್ತೆಯ ಮುಂದೆ ಜಂಬ ಕೊಚ್ಚಿಕೊಂಡಳು.

ಅಂಥ ಒಂದು ಶನಿವಾರ ಮಧ್ಯಾಹ್ನ ನಲವತ್ತೊಂದನೆಯವಳಾಗಿ ಟೈಲರಮ್ಮ ಬಂದಳು. ನಂಬರು ಅರವತ್ತು ಬಂತು. ಸೋಮವಾರ ಹತ್ತು ಗಂಟೆಗೆ ಔಷಧಿಯ ಮುಂದಿನ ಡ್ರಿಪ್ಪು. ಜೆಲ್ ಒರೆಸಿಕೊಳ್ಳುತ್ತಾ ಅವಳು ಎಂದಿನಂತೆ ಮಾತಿಗೆ ಕೂತಳು.

"ನನ್ನ ಮಿಷನ್‌ಗೆ ಮೋಟಾರ್ ಹಾಕಿಸ್ಕೊಂಡೆ ಕಣೇ ಅಕ್ಕ."

"ಯಾಕೆ? ಕಾಲಲ್ಲಿ ತುಳಿದ್ರೇನೇ ಹೊಲಿಗೆ ಚೆಂದ ಅಂತಿದ್ರಿ?"

"ಎಂಟು ದಿನದಿಂದ ತುಳಿಯೋಕೇ ಆಗ್ತಿಲ್ಲ. ನಾಲ್ಕು ಸಲ ತುಳಿದ್ರೆ ಉಸಿರು ಮೇಲಕ್ಕೆ ಬರುತ್ತೆ. ಇವತ್ತು ಬಸ್ ಸ್ಟಾಪಿಂದ ಇಲ್ಲೀವರೆಗೆ ಬರೋದ್ರೊಳಗೆ ಎರಡು ಕಡೆ ಕೂತೆ. ದಿಂಬು ಎರಡು ಇಟ್ಕೊಂಡು ಮಲಗ್ತೀನಿ. ವಯಸ್ಸಾಯ್ತು, ಇನ್ನೇನು."

ಫೋಟೋ ಅಕ್ಕ ಪರದೆಯತ್ತ ತಿರುಗಿ ನಂಬರನ್ನು ಮತ್ತೆ ನೋಡಿದಳು. ಚಪ್ಪಟೆ ಮಲಗಿದರೆ ಉಸಿರು ಕಟ್ಟುತ್ತದೆಂದು ಎರಡು ದಿಂಬಿಟ್ಟು ಮಲಗುವವರ ಹೃದಯ ಹೇಗಿರುತ್ತದೆ ಎನ್ನುವುದು ಅವಳಿಗೆ ಗೊತ್ತಿತ್ತು. ಅದು ಅರವತ್ತು ಇರುವುದಿಲ್ಲ. ಆದರೆ ಅರವತ್ತು ಎಂದು ಬರೆದವಳು ಅವಳೇ, ಇದೀಗ, ಈ ಕೈಯಲ್ಲೇ.

ಟೈಲರಮ್ಮನನ್ನು ಕಳಿಸಿಕೊಟ್ಟು ನೇರ ಅಂಕಿ ಮೇಷ್ಟ್ರ ಕೋಣೆಗೆ ನುಗ್ಗಿದಳು. "ಮೇಷ್ಟ್ರೇ, ಹಳೇ ಚಿತ್ರ ತೆಗೀರಿ."

"ನಿಯಮ?" ಎಂದರು ಮೇಷ್ಟ್ರು, ಕನ್ನಡಕದ ಮೇಲಿಂದ.

"ನಿಯಮದಲ್ಲಿ ನಂಬರ್ ನೋಡಬಾರದು, ಚಿತ್ರ ನೋಡಬಾರದು ಅಂತಿದೆ. ಹೃದಯದ ಉದ್ದ ಕೇಳಬಾರದು ಅಂತ ಎಲ್ಲಿದೆ? ಉದ್ದ ಮಾತ್ರ ಓದಿ ಹೇಳಿ."

ಮೇಷ್ಟ್ರು ಯೋಚಿಸಿದರು. ನಿಯಮದಲ್ಲಿ ನಿಜವಾಗಿಯೂ ಹಾಗೆ ಇರಲಿಲ್ಲ. "ಟೈಲರಮ್ಮ. ಮೊದಲನೇ ಸಲ ಎಂಟು ಪಾಯಿಂಟ್ ನಾಲ್ಕು ಸೆಂಟಿಮೀಟರ್. ಎರಡನೇ ಸಲ ಎಂಟು ಪಾಯಿಂಟ್ ಐದು. ಇವತ್ತು..." ಅಲ್ಲಿಗೆ ನಿಂತರು. "ಏಳು ಪಾಯಿಂಟ್ ಒಂದು."

"ಹೃದಯ ಊದಬಹುದು ಮೇಷ್ಟ್ರೇ. ಕುಳ್ಳಾಗೋದಿಲ್ಲ."

ಮೇಷ್ಟ್ರ ಕಣ್ಣು ಮಿಂಚಿತು. ಇಂಥ ಬೇಟೆ ಸಿಕ್ಕರೆ ಅವರಿಗೆ ಊಟ ನಿದ್ದೆ ಬೇಡ. ಇನ್ನೂರು ಮಂದಿಯ ಉದ್ದವನ್ನೂ ತಾರೀಖಿನ ಪ್ರಕಾರ ಸಾಲಾಗಿ ಪರದೆಯ ಮೇಲೆ ಚುಕ್ಕಿ ಇಡಿಸಿದರು. ವರ್ಷವಿಡೀ ಚುಕ್ಕಿಗಳು ಒಂದೇ ಎತ್ತರದಲ್ಲಿ ಹರಡಿಕೊಂಡಿದ್ದವು. ಆರು ವಾರದ ಹಿಂದಿನ ಒಂದು ಬುಧವಾರ ಎಲ್ಲವೂ ಒಟ್ಟಿಗೆ ಒಂದು ಮೆಟ್ಟಿಲು ಕೆಳಗೆ ಇಳಿದಿದ್ದವು.

"ಊರಿನ ಹೃದಯಗಳೆಲ್ಲ ಒಂದೇ ಬುಧವಾರ ಕುಳ್ಳಾದವಲ್ಲಮ್ಮಾ!" ಮೇಷ್ಟ್ರು ಕುರ್ಚಿಯಿಂದ ಎದ್ದೇಬಿಟ್ಟರು. "ಇದು ಹೊಸ ಕಾಯಿಲೆ ಆಗಿದ್ರೆ ನಮ್ಮಿಬ್ಬರ ಹೆಸರೇ ಇಡಬೇಕು. ಆ ಬುಧವಾರ ಏನಾಯ್ತು? ಮಿಷನ್ ಬದಲಾಯ್ತಾ?"

ಮಿಷನ್ನು ಅದೇ, ಕೋಣೆ ಅದೇ, ಕೈ ಅದೇ. ಫೋಟೋ ಅಕ್ಕ ತೆರೆದ ಬಾಗಿಲಿನಿಂದ ತನ್ನ ಕೋಣೆಯ ಮಂಚವನ್ನು ನೋಡಿದಳು. ನೀಲಿ ಮೆತ್ತೆ ತನ್ನ ಜಾಗದಲ್ಲಿ ಅಚ್ಚುಕಟ್ಟಾಗಿ ಕೂತಿತ್ತು. ಆರಡಿಯ ಹುಡುಗನೂ, ಸ್ಟೂಲೂ, ಅವನ ತಾಯಿಯ ಬೈಗುಳವೂ ಒಟ್ಟಿಗೇ ನೆನಪಾಗಿ ಅವಳು ಬಾಯಿಗೆ ಕೈ ಇಟ್ಟುಕೊಂಡಳು. ಆ ಖಾಲಿ ಇದ್ದದ್ದೇ ಪ್ರೋಬು ಕೆಳಗಿನಿಂದ ಬಂದು ಹೃದಯದ ತುದಿಯನ್ನು ಮುಟ್ಟಲಿ ಎಂದು. ಮೆತ್ತೆ ಅದನ್ನು ತುಂಬಿತು, ಪ್ರೋಬು ಮೇಲಕ್ಕೆ ಸರಿಯಿತು, ಮೇಲಿನಿಂದ ಓರೆಯಾಗಿ ಹೊಡೆದ ಫೋಟೋದಲ್ಲಿ ಹೃದಯ ಗಿಡ್ಡವಾಯಿತು. ತುದಿ ಚಿತ್ರದಿಂದ ಬಿಟ್ಟುಹೋಗಿ ಗಿಡ್ಡವಾದ ಹೃದಯ, ಹಿಂಡುವಾಗ ನಿಜಕ್ಕಿಂತ ಗಟ್ಟಿಮುಟ್ಟಾಗಿ ಕಾಣುತ್ತದೆ. ಇಷ್ಟು ವರ್ಷ ಪಳಗಿದ ಕೈ ನಿಚ್ಚಳ ಚಿತ್ರಕ್ಕೆ ಮರುಳಾಗಿತ್ತು.

"ಮೇಷ್ಟ್ರೇ, ಅಂಗಿ ಬಿಚ್ಚಿ."

"ಏನು?"

"ಅಂಗಿ ಬಿಚ್ಚಿ ಮಲಗಿ. ರೋಗಿಗಳನ್ನ ಹೀಗೆ ಪರೀಕ್ಷೆಗೆ ಮಲಗಿಸೋಕಾಗುತ್ತಾ?"

ಅಂಕಿ ಮೇಷ್ಟ್ರು ಜೀವಮಾನದಲ್ಲಿ ಮೊದಲ ಸಲ ತಾವೇ ಒಂದು ಅಂಕಿಯಾಗಿ ಮಂಚದ ಮೇಲೆ ಮಲಗಿದರು. ಜೆಲ್ ಸೋಕಿದ್ದೇ ಕಚಗುಳಿಯಾಗಿ ಕಿಸಿಕಿಸಿ ನಕ್ಕು ಎರಡು ಸಲ ಬೈಸಿಕೊಂಡರು. ಮೆತ್ತೆ ಇದ್ದಾಗ ಉದ್ದ ಏಳು ಪಾಯಿಂಟ್ ಎರಡು, ನಂಬರು ಅರವತ್ತಾರು. ಮೆತ್ತೆ ಕಿತ್ತು, ಪ್ರೋಬನ್ನು ಕೆಳಗಿನ ಪಕ್ಕೆಲುಬಿಗೆ ಇಳಿಸಿ, ಖಾಲಿಯೊಳಗೆ ಕೈ ತೂರಿಸಿ ಹಿಡಿದಾಗ ಪರದೆಯ ಮೇಲೆ ಹೃದಯ ಉದ್ದಕ್ಕೆ ಬಿಚ್ಚಿಕೊಂಡಿತು. ಎಂಟು ಪಾಯಿಂಟ್ ಆರು! ನಂಬರು ಐವತ್ತೊಂಬತ್ತು.

"ಸಿಕ್ತು!" ಎಂದು ಅವಳು ಕೂಗಿದ ಸದ್ದಿಗೆ ಹೊರಗೆ ಬೆಂಚಿನ ಮೇಲಿದ್ದವರೆಲ್ಲ ಎದ್ದು ನಿಂತರು.  

"ನಂದು ಕಮ್ಮಿ ಆಯ್ತಲ್ಲಾ" ಎಂದರು ಮೇಷ್ಟ್ರು ಮಲಗಿದಲ್ಲಿಂದಲೇ, ಸಣ್ಣ ದನಿಯಲ್ಲಿ.

"ಐವತ್ತೊಂಬತ್ತು ಗಂಡುಗಲಿ ಹೃದಯ ಮೇಷ್ಟ್ರೇ, ಏಳಿ. ಯೋಚನೆ ಟೈಲರಮ್ಮಂದು. ಸೋಮವಾರ ಪೂರ್ತಿ ಡ್ರಿಪ್ಪು ಏರಿಸಿಬಿಡ್ತಾರೆ, ನಾನು ಬರೆದ ನಂಬರ್ ನಂಬಿಕೊಂಡು."

ದೊಡ್ಡ ಡಾಕ್ಟರು ಆಪರೇಷನ್ನಿನಲ್ಲಿದ್ದರು, ಫೋನು ಎತ್ತಲಿಲ್ಲ. ಚೀಟಿ ಬರೆದು ನರ್ಸಿನ ಕೈಗೆ ಕೊಟ್ಟು ಮನೆಗೆ ಬಂದಳು. ಕೈಯಲ್ಲಿ ಫೋನು ಹಿಡಿದುಕೊಂಡೇ ಅಡುಗೆಮನೆಯಿಂದ ಹಜಾರಕ್ಕೆ, ಹಜಾರದಿಂದ ಅಡುಗೆಮನೆಗೆ ತಿರುಗಿದಳು. ಸೊಪ್ಪು ಬಿಡಿಸುತ್ತಾ ಕೂತಿದ್ದ ಅತ್ತೆಗೆ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದಳು.

"ನಲವತ್ತೊಂದು ಜನದ್ದೂ ತಪ್ಪಾ?" ಎಂದರು ಅತ್ತೆ.

"ನಲವತ್ತೊಂದೂ ತಪ್ಪು. ಎಲ್ಲದಕ್ಕೂ ನನ್ನ ಸಹಿ ಇದೆ ಅತ್ತೆ. ಒಳ್ಳೇದು ಮಾಡೋಕೆ ಹೋಗಿ, ಗಣಪತಿ ಮಾಡೋಕೆ ಹೋಗಿ ಅವರಪ್ಪನ್ನ ಮಾಡಿದ ಹಾಗಾಯ್ತು. ಡಾಕ್ಟ್ರು ಸಮ್ಮೇಳನದಲ್ಲಿ ಹೇಳಬೇಕು ಅಂತಿದ್ದದ್ದೆಲ್ಲ ನೀರಲ್ಲಿ ಹೋಮ. ನನ್ನ ಕೆಲಸದಿಂದ ತೆಗೆದ್ರೂ ತೆಗೆದ್ರೇ."

"ತೆಗೀಲಿ ಬಿಡು. ಆ ಹೊಲಿಗೆ ಹೆಂಗಸಿಗೆ ಫೋನ್ ಮಾಡಿದ್ಯಾ? ಮೊದಲು ಅದನ್ನ ಮಾಡು. ಡಾಕ್ಟ್ರ ಬೇಜಾರು ನಾಳೆ ನೋಡ್ಕೊಂಡ್ರಾಯ್ತು."

ಅಷ್ಟರಲ್ಲಿ ಫೋನು ರಿಂಗಾಯಿತು. ದೊಡ್ಡ ಡಾಕ್ಟರು! ಅವಳು ನಿಂತಲ್ಲೇ ನೆಟ್ಟಗಾಗಿ, ಮೆತ್ತೆ, ಬುಧವಾರ, ಉದ್ದ, ಮೇಷ್ಟ್ರ ಹೃದಯ ಎಲ್ಲವನ್ನೂ ಹೇಳಿದಳು.  

"ನಿಮಗೆ ಖಾತ್ರಿ ಇದೆಯಾ?" ಎಂದರು ಡಾಕ್ಟರು.

"ಅಂಗೈ ಹುಣ್ಣಿಗೆ ಕನ್ನಡಿ ಬೇಕಾ ಸಾರ್? ಸೋಮವಾರ ಡ್ರಿಪ್ಪಿಗೆ ಮೊದಲು ಟೈಲರಮ್ಮನ್ನ ನೀವೇ ಬಂದು ನೋಡಿ. ನನ್ನದು ತಪ್ಪಾಗಿದ್ರೆ ಅಲ್ಲೇ ಬೈರಿ."

"ಏಳು ಗಂಟೆಗೆ ಕರೀರಿ. ನಾನಿರ್ತೀನಿ."

ಸೋಮವಾರ ಏಳಕ್ಕೆ ಟೈಲರಮ್ಮ ಮಂಚದ ಮೇಲಿದ್ದಳು. ಮೆತ್ತೆ ಕಾಣದ್ದನ್ನು ನೋಡಿ "ಎಲ್ಲಿ ನನ್ನ ಕೂಸು?" ಎಂದಳು.  ದೊಡ್ಡ ಡಾಕ್ಟರು ಹಿಂದೆ ಕೈಕಟ್ಟಿ ನಿಂತಿದ್ದರು. ಫೋಟೋ ಅಕ್ಕ ಖಾಲಿಯೊಳಗೆ ಕೈ ತೂರಿಸಿ ಪ್ರೋಬು ಒತ್ತಿದಳು. ಹೃದಯ ಪೂರ್ತಿ ಉದ್ದಕ್ಕೆ ಕಂಡಿತು, ತುದಿಯೂ ಕಂಡಿತು. ಆ ತುದಿ ಸೋತ ಕೈಯಂತೆ ಅರೆಬರೆ ಮುದುಡುತ್ತಿತ್ತು. ಮೂರು ಬಡಿತ ಅಳೆದಳು, ಡಾಕ್ಟರು ತಾವೇ ಬಗ್ಗಿ ಇನ್ನೊಮ್ಮೆ ಅಳೆದರು. ಇಬ್ಬರಿಗೂ ಬಂದದ್ದು ನಲವತ್ತೇಳು.

"ಡ್ರಿಪ್ ನಿಲ್ಲಿಸಿ" ಎಂದು ಡಾಕ್ಟರು ಫೋನಿನಲ್ಲಿ ಹೇಳಿದರು. ಆಮೇಲೆ ಟೈಲರಮ್ಮನ ಪಕ್ಕ ಸ್ಟೂಲು ಎಳೆದುಕೊಂಡು ಕೂತರು. ಹೃದಯ ಸ್ವಲ್ಪ ಸೋತಿದೆ, ಇವತ್ತಿನಿಂದಲೇ ಮಾತ್ರೆ ಶುರು ಮಾಡೋಣ, ಸರಿಯಾದ ಹೊತ್ತಿಗೆ ಸಿಕ್ಕಿದೆ, ನಂಬರು ಏರಿದ ಮೇಲೆ ಔಷಧಿ ಮತ್ತೆ ಕೊಡೋಣ ಎಂದು ನಿಧಾನವಾಗಿ ಹೇಳಿದರು.

"ಏರದಿದ್ರೆ?" ಎಂದಳು ಟೈಲರಮ್ಮ.

"ಏರದಿದ್ರೆ ಈ ಔಷಧಿ ಕೊಡೋಕಾಗಲ್ಲಮ್ಮ." ಡಾಕ್ಟರು ಸುಳ್ಳು ಹೇಳಲಿಲ್ಲ. ಈ ಔಷಧಿಯಷ್ಟು ಅವಳ ಕಾಯಿಲೆಗೆ ಹಿಡಿಸಿದ್ದು ಬೇರೊಂದಿರಲಿಲ್ಲ, ಅದು ಮೂವರಿಗೂ ಗೊತ್ತಿತ್ತು.

ಡಾಕ್ಟರು ಹೋದ ಮೇಲೆ ಫೋಟೋ ಅಕ್ಕ ಮೆತ್ತೆಯ ವಿಷಯ ಹೇಳಿದಳು. ಹೇಳದೆ ಇದ್ದರೂ ನಡೆಯುತ್ತಿತ್ತು, ಡಾಕ್ಟರು ಹೇಳೆಂದು ಅಪ್ಪಣೆಯನ್ನೇನೂ ಕೊಟ್ಟಿರಲಿಲ್ಲ. ಟೈಲರಮ್ಮನ ಮುಖ ಕಪ್ಪಿಟ್ಟಿತು.

"ಅಯ್ಯೋ, ನನ್ನ ಹೃದಯಕ್ಕೆ ನಾನೇ ಮುಸುಕು ಹೊಲಿದು ಹಾಕಿದ್ನಾ?"

"ಹೊಲಿಗೇಲಿ ತಪ್ಪಿಲ್ಲಮ್ಮ. ಇಟ್ಟವಳು ನಾನು. ಆ ಖಾಲಿ ಯಾಕಿದೆ ಅಂತ ಗೊತ್ತಿರಬೇಕಾದವಳೂ ನಾನೇ." ಅವಳ ಕಣ್ಣು ತುಂಬಿತು. "ನನ್ನ ಬೈರಿ."

ಟೈಲರಮ್ಮ ಅವಳನ್ನು ದಿಟ್ಟಿಸಿ ನೋಡಿದಳು. "ಬೈಯೋಕೆ ಉಸಿರು ಸಾಲಲ್ಲ ಈಗ. ಮಾತ್ರೆ ಕೊಡು, ಉಸಿರು ಬಂದ ಮೇಲೆ ಬಂದು ಬೈತೀನಿ."

ಮುಂದಿನ ಒಂಬತ್ತು ದಿನ ಆ ಕೋಣೆಯಲ್ಲಿ ಜಾತ್ರೆ. ಉಳಿದ ನಲವತ್ತು ಮಂದಿಯನ್ನೂ ಮತ್ತೆ ಕರೆದರು. ಫೋಟೋ ಅಕ್ಕ ಮಧ್ಯಾಹ್ನದ ಊಟವನ್ನು ನಿಂತುಕೊಂಡೇ ಮುಗಿಸಿದಳು. ಒಬ್ಬೊಬ್ಬರ ಹೃದಯ ಉದ್ದಕ್ಕೆ ಬಿಚ್ಚಿಕೊಂಡು, ನಂಬರು ಐವತ್ತೈದರ ಮೇಲೆ ನಿಂತಾಗಲೂ ಅವಳು ಸದ್ದಿಲ್ಲದೆ ಒಂದು ಚಪ್ಪಾಳೆ ತಟ್ಟುವಳು. ನಾಲ್ವರದು ಐವತ್ತರ ಕೆಳಗಿತ್ತು. ನಾಲ್ವರಿಗೂ ಏದುಸಿರು ಇನ್ನೂ ಶುರುವಾಗಿರಲಿಲ್ಲ, ಅವತ್ತೇ ಮಾತ್ರೆ ಕೊಟ್ಟರು. ಸಂಶೋಧನೆ ಹುಡುಕಲು ಹೊರಟಿದ್ದದ್ದೂ ಇಂಥವರನ್ನೇ! ದೊಡ್ಡ ಡಾಕ್ಟರ ಮುಖ ಎರಡು ದಿನ ಗಂಟಾಗಿತ್ತು, ಮೂರನೇ ದಿನ ಸಡಿಲವಾಯಿತು. ಸಮ್ಮೇಳನದಲ್ಲಿ ಅವರು ಮೆತ್ತೆಯ ಕತೆಯನ್ನೇ ಮೊದಲು ಹೇಳಿದರು. ಅಳತೆ ತಪ್ಪಿದ್ದಕ್ಕೆ ಬರಹದಲ್ಲಿ "ತಾಂತ್ರಿಕ ಕಾರಣದಿಂದ" ಎಂದಿದ್ದದ್ದನ್ನು ಹೊಡೆದು, "ತಂತ್ರಜ್ಞೆ ಮೆತ್ತೆ ಇಟ್ಟದ್ದರಿಂದ" ಎಂದು ಬರೆಸಿದ್ದು ಫೋಟೋ ಅಕ್ಕ. ಇನ್ನು ಮೇಲೆ ಅಳೆದಾದ ಕೂಡಲೇ ಉದ್ದವನ್ನು ಹಿಂದಿನ ಉದ್ದದ ಪಕ್ಕ ಇಟ್ಟು ನೋಡಲೇಬೇಕು ಎಂಬ ಹೊಸ ನಿಯಮ ಬರೆದವರು ಅಂಕಿ ಮೇಷ್ಟ್ರು. ಬೇರೆ ಮೂರು ಆಸ್ಪತ್ರೆಗಳಿಂದ ಫೋನು ಬಂತು, ನಾವೂ ನಮ್ಮ ಹಾಸಿಗೆ ನೋಡಿಕೊಂಡೆವು ಎಂದು.

ಟೈಲರಮ್ಮನಿಗೆ ಎರಡು ತಿಂಗಳ ಗಡುವು. ಆ ಎರಡು ತಿಂಗಳು ಫೋಟೋ ಅಕ್ಕ ಉಗುರು ಕಚ್ಚಿ ಕಚ್ಚಿ, ಮನೆಯಲ್ಲಿ ಕ್ಯಾಲೆಂಡರ್ ಓರೆಯಾಗಿದ್ದರೂ ಗಮನಿಸದಂತಾದಳು. ಗಡುವಿನ ದಿನ ಬೆಳಿಗ್ಗೆ ಕೋಣೆಯ ಬಾಗಿಲಲ್ಲೇ ನಿಂತು ಕಾದಳು. ಲಿಫ್ಟು ನಾಲ್ಕು ಸಲ ಬಂದು ಬಾಗಿಲು ತೆರೆಯಿತು, ಟೈಲರಮ್ಮ ಅದರಲ್ಲಿರಲಿಲ್ಲ. ಬರಲಾರದಷ್ಟು ಸುಸ್ತಾಗಿದೆಯೇನೋ ಎಂದು ಫೋನು ಕೈಗೆತ್ತಿಕೊಂಡಳು.

ಆಗ ಪಕ್ಕದ ಮೆಟ್ಟಿಲಿನ ಕಡೆಯಿಂದ ಟೈಲರಮ್ಮ ಬಂದಳು. ಹೆಗಲಲ್ಲಿ ಚೀಲ, ಹಣೆಯಲ್ಲಿ ಬೆವರು.

"ಲಿಫ್ಟ್ ತುಂಬಿತ್ತೇನ್ರಿ?"

"ಖಾಲೀನೇ ಇತ್ತು."

"ಮತ್ತೆ ಮೂರು ಮಹಡಿ ಯಾಕೆ ಹತ್ತಿ ಬಂದ್ರಿ?"

"ಹತ್ತೋಕಾಯ್ತು, ಹತ್ತಿದೆ" ಎಂದಳು ಟೈಲರಮ್ಮ. "ಒಂದು ಕಡೆನೂ ಕೂತಿಲ್ಲ. ಬೇಕಾದ್ರೆ ಈಗಲೇ ಬೈಲಾ?"

ನಂಬರು ಐವತ್ತೆಂಟು ಬಂತು. ಡಾಕ್ಟರು ಅಳೆದರೂ ಐವತ್ತೆಂಟೇ. ಅದು ಕಂಪ್ಯೂಟರಿನಲ್ಲೇ ಡ್ರಿಪ್ಪಿನ ಕೋಣೆಗೆ ಹೋಗುತ್ತದೆ, ಯಾರೂ ಒಯ್ಯಬೇಕಾಗಿಲ್ಲ. ಆದರೂ ಫೋಟೋ ಅಕ್ಕ ಅದನ್ನೊಂದು ಚೀಟಿಯಲ್ಲಿ ಬರೆದುಕೊಂಡು, ಕೈಗೆ ಅಂಟಿದ ಜೆಲ್ಲನ್ನೂ ಒರೆಸಿಕೊಳ್ಳದೆ, "ಶುರು ಮಾಡಿ, ಟೈಲರಮ್ಮಂಗೆ ಶುರು ಮಾಡಿ!" ಎಂದು ಕೂಗುತ್ತಾ ಮೆಟ್ಟಿಲಿಳಿದು ಓಡಿದಳು.